ಅನುದಾನವನ್ನು ಸದಸ್ಯರ ತಲೆಲೆಕ್ಕದಲ್ಲಿ ಹಂಚಬೇಡಿ

ಮಂಡ್ಯ ಸೀಮೆಯ ಗ್ರಾಮ ಪಂಚಾಯ್ತಿಯಲ್ಲಿ 15ನೇ ಹಣಕಾಸು ಆಯೋಗದ 2021–26ರ ಅನುದಾನಕ್ಕೆ ಕ್ರಿಯಾಯೋಜನೆ ಮಾಡುವಾಗ ನಾನು ಹಿಡಿದ ಕ್ರಮ ಇದು.

ಆ ಹಣದಲ್ಲಿ ಶೇ 60 ನಿರ್ಬಂಧಿತ, ಅಂದರೆ ಗೊತ್ತುಪಡಿಸಿದ ಕೆಲಸಕ್ಕೆ ಮಾತ್ರ ಬಳಸಬೇಕಾಗಿದ್ದ ಹಣ. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ, ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. ಉಳಿದ ಶೇ 40 ಅನಿರ್ಬಂಧಿತ, ಆದರೆ ಸಂಬಳಕ್ಕೂ ಕಚೇರಿ ಖರ್ಚಿಗೂ ಮುಟ್ಟುವಂತಿರಲಿಲ್ಲ. ಲೆಕ್ಕಕ್ಕೆ 20 ಲಕ್ಷ ಎಂದಿಟ್ಟುಕೊಳ್ಳಿ: ನೀರಿಗೆ 6, ನೈರ್ಮಲ್ಯಕ್ಕೆ 6, ಅನಿರ್ಬಂಧಿತ 8. ಜಗ್ಗಾಟವೆಲ್ಲ ಆ 8 ಲಕ್ಷಕ್ಕೇ. 16 ಸದಸ್ಯರಿದ್ದರೆ ತಲೆಗೆ 50 ಸಾವಿರ ಎಂದು ಹಂಚಿದರೆ ಸಭೆ ಬೇಗ ಮುಗಿಯುತ್ತದೆ, ಕೆಲಸ ಮಾತ್ರ ಮುಗಿಯುವುದಿಲ್ಲ. ಚರಂಡಿ ಅರ್ಧ ಬೀದಿಗೆ ನಿಂತು, ನೀರೆಲ್ಲ ಕೊನೆಯ ಮನೆಯ ಬಾಗಿಲಲ್ಲಿ ಮಡುಗಟ್ಟುತ್ತದೆ.

ಹಾಗಾಗಿ ಮೊದಲು ಹಿಂದಿನ ವರ್ಷದ ಮುಗಿಯದ ಕಾಮಗಾರಿಗಳ ಬಾಕಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ವಾರ್ಡ್ ಸಭೆಯ ಬೇಡಿಕೆಗಳಲ್ಲಿ ನೀರಿನವು, ಬಚ್ಚಲು ನೀರಿನವು, ಕಸದವು ಯಾವುವೆಂದು ಬೇರ್ಪಡಿಸಿ ನಿರ್ಬಂಧಿತ ಬಾಬಿಗೆ ಸೇರಿಸುವುದು. ಇಷ್ಟಕ್ಕೇ 8 ಲಕ್ಷದ ಮೇಲಿನ ಒತ್ತಡ ಬಹಳ ಇಳಿಯುತ್ತದೆ. ಸಿಮೆಂಟ್ ರಸ್ತೆಯನ್ನು ಚರಂಡಿಯ ಹೆಸರಲ್ಲಿ ನೈರ್ಮಲ್ಯಕ್ಕೆ ತೂರಿಸಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಖಂಡಿತ. ಒಂದು ಬಾಬಿನ ಅಗತ್ಯ ಪೂರ್ತಿ ಮುಗಿದಿದ್ದರೆ ಆ ಹಣವನ್ನು ಇನ್ನೊಂದು ನಿರ್ಬಂಧಿತ ಬಾಬಿಗೆ ಬಳಸಲು ಅವಕಾಶವಿತ್ತು. ಅನಿರ್ಬಂಧಿತಕ್ಕೆ ತಿರುಗಿಸಲು ಇರಲಿಲ್ಲ.

ನೀರಿನ 6 ಲಕ್ಷದಲ್ಲಿ ಒಂದೂವರೆ ಲಕ್ಷವನ್ನು ದುರಸ್ತಿಗೇ ತೆಗೆದಿಡುತ್ತಿದ್ದೆ. ಬೇಸಿಗೆಯಲ್ಲಿ ಮೋಟಾರ್ ಸುಟ್ಟಾಗ ಯೋಜನೆಯಲ್ಲಿ ಆ ಬಾಬೇ ಇಲ್ಲದಿದ್ದರೆ ಪೂರಕ ಯೋಜನೆಗೆ ಓಡಾಡಬೇಕು, ಅಷ್ಟು ದಿನ ಊರಿಗೆ ನೀರಿಲ್ಲ. ಹೊಸ ಬೋರ್‌ವೆಲ್ ಕೇಳಿದಾಗ ಮೊದಲು ಊರಿಗೆ ನೀರು ಬಿಡುವ ನೀರುಗಂಟಿಯನ್ನು ವಿಚಾರಿಸಬೇಕು. ಎಷ್ಟೋ ಕಡೆ ಕೊರತೆ ಬೋರ್‌ನಲ್ಲಿ ಇರುವುದಿಲ್ಲ, ಸೋರುವ ಪೈಪಿನಲ್ಲೋ ಕೆಟ್ಟ ವಾಲ್ವ್‌ನಲ್ಲೋ ಇರುತ್ತದೆ.

ಚರಂಡಿಯನ್ನು ನೀರು ಹೊರಬೀಳುವ ತಗ್ಗಿನ ತುದಿಯಿಂದಲೇ ಶುರು ಮಾಡಬೇಕು. ಜೆಇ (ಕಿರಿಯ ಎಂಜಿನಿಯರ್) ನೆಲದ ಏರುತಗ್ಗು ಅಳೆದು ಲೆವೆಲ್ ತೆಗೆಯುವ ಮುಂಚೆ ಎಸ್ಟಿಮೇಟ್ ಒಪ್ಪಬೇಡಿ. ಈ ವರ್ಷ ಎರಡು ಊರಿಗೆ ಪೂರ್ತಿ, ಮುಂದಿನ ವರ್ಷ ಇನ್ನೆರಡಕ್ಕೆ ಎಂದು ಸರದಿ ಗೊತ್ತು ಮಾಡಿ ನಡಾವಳಿಯಲ್ಲಿ ಬರೆಸಿದರೆ ಕಾಯುವ ಸದಸ್ಯರಿಗೂ ಭರವಸೆ ಇರುತ್ತದೆ.

ಗ್ರಾಮಸಭೆ ಒಪ್ಪಿದ ಪಟ್ಟಿಯನ್ನು ಪಂಚಾಯ್ತಿ ಯೋಜನೆ, ಪಾವತಿಗಳ ಆನ್‌ಲೈನ್ ತಾಣವಾದ ಇ-ಗ್ರಾಮಸ್ವರಾಜ್‌ಗೆ ಏರಿಸುವಾಗ ಪ್ರತಿ ಕಾಮಗಾರಿಯ ಬಾಬನ್ನು ಇಬ್ಬರು ಕೂತು ಓದಿ ನೋಡಬೇಕು. ಅಧ್ಯಕ್ಷರು ಬದಲಾದ ಕೂಡಲೇ ಹೊಸಬರ ಡಿಜಿಟಲ್ ಸಹಿಯನ್ನೂ ನೋಂದಾಯಿಸಿ. ಇಲ್ಲದಿದ್ದರೆ ಕೆಲಸ ಮುಗಿದಿದ್ದರೂ ಬಿಲ್ ಪಾವತಿಯಾಗುವುದಿಲ್ಲ.