ಅಪ್ಪನ ಬಾಟಲಿಯ ಜರ್ಮೇನಿಯಂ ಡಯೋಡನ್ನು ಎಲ್‌ಟಿಸ್ಪೈಸ್‌ಗೆ ಸೇರಿಸುವುದು

ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ ಕ್ರಿಸ್ಟಲ್ ರೇಡಿಯೋ ಕಟ್ಟಿದ್ದೆವು. ಬ್ಯಾಟರಿ ಇಲ್ಲ. ಕಾಯಿಲ್, ಗ್ಯಾಂಗ್ ಕಂಡೆನ್ಸರ್, ಡಯೋಡ್, ಇಯರ್‌ಫೋನ್, ಅಷ್ಟೇ. ಮಹಡಿ ಮೇಲೆ ಉದ್ದಕ್ಕೆ ತಂತಿ ಎಳೆದ ಮೇಲೆ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಸಣ್ಣಗೆ ಕೇಳಿಸಿತು. ಅದೇ ಸರ್ಕ್ಯೂಟನ್ನು ಎಲ್‌ಟಿಸ್ಪೈಸ್‌ನಲ್ಲಿ, ಅಂದರೆ ಸರ್ಕ್ಯೂಟನ್ನು ಕಂಪ್ಯೂಟರಿನಲ್ಲೇ ಓಡಿಸಿ ನೋಡುವ ಸಾಫ್ಟ್‌ವೇರಿನಲ್ಲಿ, ಬರೆದು ಓಡಿಸಿದೆ. ಮೇಜಿನ ಮೇಲಿನ ರೇಡಿಯೋ ಮಾತಾಡುತ್ತಿದೆ, ಲ್ಯಾಪ್‌ಟಾಪಿನ ರೇಡಿಯೋ ಮೂಕ!

ತಪ್ಪು ಡಯೋಡಿನದು. ಹೆಸರು ಕೊಡದೆ ಬರೀ 'ಡಿ' ಅಂತ ಬಿಟ್ಟರೆ ಸಾಫ್ಟ್‌ವೇರ್ ಅದನ್ನು ಸಿಲಿಕಾನ್ ಥರದ ಡಯೋಡ್ ಅಂದುಕೊಳ್ಳುತ್ತದೆ. 0.1 ಮಿಲಿಆಂಪ್ ಹರಿಯಬೇಕಾದರೂ ಅದಕ್ಕೆ ಸುಮಾರು 0.6 ವೋಲ್ಟ್ ಬೇಕು. ನಮ್ಮದು ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ ಕಾಲದ ಜರ್ಮೇನಿಯಂ ಡಯೋಡ್. ಹಾರ್ಲಿಕ್ಸ್ ಬಾಟಲಿಯಲ್ಲಿ ಬಿದ್ದಿತ್ತು. ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಕೂದಲಿನಂಥ ತಂತಿ ಕಾಣುತ್ತದೆ. ಮೇಲಿನ ನಂಬರ್ ಅಳಿಸಿಹೋಗಿದೆ, ಹಾಗಾಗಿ ಡೇಟಾಶೀಟ್ ಹುಡುಕುವ ಮಾತೇ ಇಲ್ಲ. ಅಳೆದೇ ಮಾಡೆಲ್, ಅಂದರೆ ಡಯೋಡಿನ ಗುಣವನ್ನು ಸಾಫ್ಟ್‌ವೇರಿಗೆ ಹೇಳುವ ಸಂಖ್ಯೆಗಳ ಸಾಲು, ಮಾಡಬೇಕು.

ಬೇಕಾದದ್ದು 9 ವೋಲ್ಟ್ ಬ್ಯಾಟರಿ, ಮಲ್ಟಿಮೀಟರ್, ಮೂರು ರೆಸಿಸ್ಟರ್: 820 ಕಿಲೋಓಮ್, 82 ಕಿಲೋಓಮ್, 820 ಓಮ್. ಒಂದೊಂದನ್ನೇ ಡಯೋಡಿನ ಜೊತೆ ಸೀರೀಸ್‌ನಲ್ಲಿ ಹಾಕಿ, ಡಯೋಡಿನ ಎರಡು ಕಾಲುಗಳ ನಡುವಿನ ವೋಲ್ಟೇಜ್ ಬರೆದುಕೊಳ್ಳಿ. ಬ್ಯಾಟರಿಯ ವೋಲ್ಟೇಜನ್ನೂ ಪ್ರತಿ ಸಲ ನೋಡಿ. ಅದರಿಂದ ಡಯೋಡಿನ ವೋಲ್ಟೇಜ್ ಕಳೆದು ರೆಸಿಸ್ಟರಿನಿಂದ ಭಾಗಿಸಿದರೆ ಕರೆಂಟ್ ಸಿಗುತ್ತದೆ. ನನಗೆ ಬಂದದ್ದು ಹೀಗೆ: 0.0108 ಮಿಲಿಆಂಪ್‌ಗೆ 0.134 ವೋಲ್ಟ್, 0.107ಕ್ಕೆ 0.215, 10 ಮಿಲಿಆಂಪ್‌ಗೆ 0.765.

ಅಳೆಯುವಾಗ ಡಯೋಡನ್ನು ಬೆರಳಲ್ಲಿ ಹಿಡಿಯಬೇಡಿ. ನಾನು ಮೊದಲು ಹಾಗೇ ಹಿಡಿದಿದ್ದೆ. 0.215 ಇದ್ದದ್ದು ಕಣ್ಣೆದುರಿಗೇ ಮಿಲಿವೋಲ್ಟ್ ಮಿಲಿವೋಲ್ಟಾಗಿ ಇಳಿಯತೊಡಗಿತು. ಮೀಟರ್ ಕೆಟ್ಟಿದೆ ಅಂದುಕೊಂಡೆ. ಕೆಟ್ಟಿರಲಿಲ್ಲ, ನನ್ನ ಬೆರಳು ಬೆಚ್ಚಗಿತ್ತು. ಬ್ರೆಡ್‌ಬೋರ್ಡಿಗೆ ಚುಚ್ಚಿ, ಕೈಬಿಟ್ಟು, ಒಂದೆರಡು ನಿಮಿಷ ಕಾಯಿರಿ.

ಈಗ ಲೆಕ್ಕ. ಕರೆಂಟ್ ಹತ್ತು ಪಟ್ಟಾದಾಗ ವೋಲ್ಟೇಜ್ 81 ಮಿಲಿವೋಲ್ಟ್ ಏರಿತು, ಅಲ್ವಾ? ಆದರ್ಶ ಡಯೋಡಿನಲ್ಲಿ ಏರುವುದು ಸುಮಾರು 60. ನಮ್ಮದು ಅದರ ಎಷ್ಟು ಪಟ್ಟು ಅನ್ನುವುದೇ 'ಎನ್': 81 ಭಾಗಿಸು 60, 1.35. ಇದೇ ಲೆಕ್ಕದಲ್ಲಿ 0.1ರಿಂದ 10 ಮಿಲಿಆಂಪ್‌ಗೆ ಹೋಗುವಾಗ, ಅಂದರೆ ಹತ್ತು ಪಟ್ಟು ಎರಡು ಸಲ ಆಗುವಾಗ, 162 ಮಿಲಿವೋಲ್ಟ್ ಏರಬೇಕಿತ್ತು. ಏರಿದ್ದು 550. ಜಾಸ್ತಿಯಾದ 388 ಮಿಲಿವೋಲ್ಟ್ ಡಯೋಡಿನ ಒಳಗಿನ ರೆಸಿಸ್ಟೆನ್ಸಿನದು. 10 ಮಿಲಿಆಂಪಿನಿಂದ ಭಾಗಿಸಿದರೆ 39 ಓಮ್. ಇದು 'ಆರ್‌ಎಸ್'.

ಉಳಿದದ್ದು 'ಐಎಸ್', ಅಂದರೆ ಡಯೋಡಿನ ಸ್ಯಾಚುರೇಶನ್ ಕರೆಂಟ್. ನಡುವಿನ ರೀಡಿಂಗ್ ತೆಗೆದುಕೊಳ್ಳಿ. 215ರಲ್ಲಿ 39 ಓಮಿನ ಪಾಲು 4 ಕಳೆದರೆ 211. ಅದನ್ನು 1.35 ಗುಣಿಸು 25.85ರಿಂದ (ಇದು ಕೋಣೆಯ ಬಿಸಿಯಲ್ಲಿ ಥರ್ಮಲ್ ವೋಲ್ಟೇಜ್, ಮಿಲಿವೋಲ್ಟಿನಲ್ಲಿ) ಭಾಗಿಸಿ, ಸುಮಾರು 6.05 ಬರುತ್ತದೆ. ಕ್ಯಾಲ್ಕುಲೇಟರಿನ 'ಇ ಪವರ್ ಎಕ್ಸ್' ಬಟನ್ ಒತ್ತಿದರೆ 420ರ ಆಸುಪಾಸು. 107 ಮೈಕ್ರೋಆಂಪನ್ನು ಅದರಿಂದ ಭಾಗಿಸಿದರೆ 0.25 ಮೈಕ್ರೋಆಂಪ್. ಗಣಿತ ಮುಗಿಯಿತು.

ಎಲ್‌ಟಿಸ್ಪೈಸ್‌ನಲ್ಲಿ ಎಡಿಟ್ ಮೆನುವಿಗೆ ಹೋಗಿ 'ಸ್ಪೈಸ್ ಡೈರೆಕ್ಟಿವ್' (ಸಾಫ್ಟ್‌ವೇರಿಗೆ ಕೊಡುವ ಸೂಚನೆ) ತೆರೆದು ಈ ಸಾಲು ಬರೆಯಿರಿ. ಇಲ್ಲಿ ಓದಲಿಕ್ಕೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಅಲ್ಲಿ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು, ಮೊದಲ ಚುಕ್ಕಿಯನ್ನೂ ಬಿಡಬಾರದು.

.ಮಾಡೆಲ್ ಅಜ್ಜ ಡಿ(ಐಎಸ್=0.25ಯು ಎನ್=1.35 ಆರ್‌ಎಸ್=39 ಸಿಜೆಒ=1ಪಿ ಇಜಿ=0.67)

'ಅಜ್ಜ' ಅನ್ನುವುದು ಮಗಳು ಇಟ್ಟ ಹೆಸರು. ನಿಮಗೆ ಬೇಕಾದದ್ದು ಇಡಿ, ಆದರೆ ನಡುವೆ ಜಾಗ ಬಿಡಬೇಡಿ. 'ಸಿಜೆಒ' ಕೆಪಾಸಿಟೆನ್ಸ್. ನಾನು ಅಳೆದಿಲ್ಲ, ಇಂಥ ತಂತಿ ಮೊನೆಯ ಡಯೋಡಿಗೆ 1 ಪಿಕೋಫ್ಯಾರಡ್ ಸಾಕು ಅಂತ ಹಾಕಿದೆ. 'ಇಜಿ' ಜರ್ಮೇನಿಯಂನ ಬ್ಯಾಂಡ್ ಗ್ಯಾಪ್. ಇದು ಬಿಸಿ ಏರಿಳಿತದ ಲೆಕ್ಕಕ್ಕೆ ಬೇಕು. 'ಯು' ಅಂದರೆ ಮೈಕ್ರೋ, ಸಂಖ್ಯೆಗೂ ಅದಕ್ಕೂ ನಡುವೆಯೂ ಜಾಗ ಇರಬಾರದು. ಇನ್ನೊಂದು, ಸ್ಪೈಸ್‌ನಲ್ಲಿ 'ಎಮ್' ಅಂದರೆ ಯಾವಾಗಲೂ ಮಿಲಿ. ದೊಡ್ಡಕ್ಷರ ಬರೆದರೂ ಅಷ್ಟೇ. ಮೆಗಾ ಬೇಕಿದ್ದರೆ 'ಎಮ್‌ಇಜಿ' ಅಂತ ಮೂರಕ್ಷರ ಬರೆಯಿರಿ.

ಆಮೇಲೆ ಡಯೋಡಿನ ಪಕ್ಕದಲ್ಲಿರುವ 'ಡಿ' ಅಕ್ಷರದ ಮೇಲೆ ರೈಟ್ ಕ್ಲಿಕ್ ಮಾಡಿ, ಅದನ್ನು ಅಳಿಸಿ 'ಅಜ್ಜ' ಬರೆಯಿರಿ. ಚಿತ್ರದ ಮೇಲಲ್ಲ, ಅಕ್ಷರದ ಮೇಲೆ. ಓಡಿಸಿದಾಗ ಮಾಡೆಲ್ ಸಿಗಲಿಲ್ಲ ಅಂತ ಬಂದರೆ ಮೊದಲು ಬರೆದ ಸಾಲಿನ ಬಣ್ಣ ನೋಡಿ. ಕಪ್ಪಗಿದ್ದರೆ ಡೈರೆಕ್ಟಿವ್, ನೀಲಿಯಾಗಿದ್ದರೆ ಅದು ಬರೀ ಕಾಮೆಂಟ್. ಈ ನೀಲಿ ಸಾಲನ್ನು ದಿಟ್ಟಿಸುತ್ತಾ ನಾನು ಒಂದು ಭಾನುವಾರ ಸಂಜೆಯನ್ನೇ ಕಳೆದಿದ್ದೇನೆ.

ಮತ್ತೆ ಮತ್ತೆ ಬೇಕಾಗುವ ಮಾಡೆಲ್‌ಗಳನ್ನು ನೋಟ್‌ಪ್ಯಾಡಿನಲ್ಲಿ ಒಂದು ಫೈಲ್ ಮಾಡಿ ಸರ್ಕ್ಯೂಟಿನ ಫೋಲ್ಡರಿನಲ್ಲೇ ಇಡಿ. ಸರ್ಕ್ಯೂಟಿನಲ್ಲಿ '.ಇನ್‌ಕ್ಲೂಡ್' ಅಂತ ಬರೆದು ಮುಂದೆ ಫೈಲಿನ ಹೆಸರು ಹಾಕಿದರೆ ಸಾಕು. ನೋಟ್‌ಪ್ಯಾಡ್ ಕೊನೆಯಲ್ಲಿ ಸದ್ದಿಲ್ಲದೆ 'ಟಿಎಕ್ಸ್‌ಟಿ' ಅಂಟಿಸುತ್ತದೆ, ಅದನ್ನು ಗಮನಿಸಿ. ಸಾಫ್ಟ್‌ವೇರಿನ ಜೊತೆ ಬರುವ ಡಯೋಡ್ ಪಟ್ಟಿಗೇ ಸೇರಿಸುವವರೂ ಇದ್ದಾರೆ. ಅಪ್‌ಡೇಟ್ ಆದಾಗ ಆ ಪಟ್ಟಿಯೇ ಬದಲಾಗಬಹುದು, ಹಾಗಾಗಿ ನಾನು ಅದರ ತಂಟೆಗೆ ಹೋಗುವುದಿಲ್ಲ.

ರೇಡಿಯೋಗೆ ಹಾಕುವ ಮೊದಲು ಅದೇ ಬ್ಯಾಟರಿ, ಅದೇ ರೆಸಿಸ್ಟರ್ ಬರೆದು ಪರೀಕ್ಷೆ ಮಾಡಿ. ನನಗೆ 820 ಕಿಲೋಓಮಿನಲ್ಲಿ 0.132, 82ರಲ್ಲಿ 0.216, 820 ಓಮಿನಲ್ಲಿ 0.76 ಬಂತು. ಹಿಮ್ಮುಖದ ಸೋರಿಕೆ ಮಾತ್ರ ನಿಜವಾದ ಡಯೋಡಿನಲ್ಲಿ ಇದಕ್ಕಿಂತ ಜಾಸ್ತಿ. ಅದು ಮುಖ್ಯವಾದ ಕಡೆ ಡಯೋಡಿಗೆ ಪ್ಯಾರಲಲ್ ಆಗಿ ದೊಡ್ಡ ರೆಸಿಸ್ಟರ್ ಒಂದನ್ನು ಸೇರಿಸಿಕೊಳ್ಳಿ. ನಮ್ಮ ರೇಡಿಯೋಗೆ ಅದೂ ಬೇಕಾಗಲಿಲ್ಲ. 'ಅಜ್ಜ'ನನ್ನು ಕೂರಿಸಿ ಓಡಿಸಿದ ಕೂಡಲೇ ಇಯರ್‌ಫೋನಿನ ಜಾಗದಲ್ಲಿ ಅಲೆ ಎದ್ದಿತು.