ಒಂದು ಹಿಡಿ ಜೋಳ ಎತ್ತಿಡುವುದು ಹೇಗೆ

ನಮ್ಮ ಮನೆ ಗುಳೇದಗುಡ್ಡದಲ್ಲಿ. ಅಡುಗೆಮನೆ ಮೂಲೆಯಲ್ಲಿ, ಜೋಳದ ಚೀಲದ ಪಕ್ಕ, ಒಂದು ತಗಡಿನ ಡಬ್ಬಿ ಇದೆ. ನಮ್ಮ ಅತ್ತೆ ಇಟ್ಟಿದ್ದು. ಮನೆಗೆ ಜೋಳ ತೆಗೆಯುವಾಗ ದಿನಕ್ಕೊಂದು ಹಿಡಿ ಇಲ್ಲದವರಿಗೆ ಅಂತ ಆ ಡಬ್ಬಿಗೆ ಹೋಗಬೇಕು. ಮಿಜೋರಾಂನ ಕ್ರೈಸ್ತ ಹೆಂಗಸರು 1910ರಿಂದ ಅಡುಗೆಗೆ ಮುಂಚೆ ಹೀಗೇ ಒಂದು ಹಿಡಿ ಅಕ್ಕಿ ಎತ್ತಿಡುತ್ತಾ ಬಂದಿದ್ದಾರೆ. ನಮ್ಮ ಸೀಮೆಯಲ್ಲಿ ಊಟ ಅಂದರೆ ರೊಟ್ಟಿ, ಹಾಗಾಗಿ ಜೋಳ.

ಹಿಟ್ಟು ಎತ್ತಿಡಬೇಡಿ, ಕಾಳು ಇಡಿ. ಮದುವೆಯಾದ ಹೊಸದರಲ್ಲಿ ನಾನು ಹಿಟ್ಟೇ ಇಡುತ್ತಿದ್ದೆ. ತಿಂಗಳ ಕೊನೆಗೆ ಅದರ ಜಿಗುಟು ಹೋಗಿರುತ್ತಿತ್ತು. ಒಬ್ಬರ ಮನೆಯಲ್ಲಿ ಕಣ್ಣಾರೆ ನೋಡಿದೆ. ಆಕೆ ಬಡಿಯುತ್ತಿದ್ದಂತೆ ರೊಟ್ಟಿಯ ಅಂಚು ಸೀಳಿತು, ಹಂಚಿಗೆ ಹಾಕಲು ಎತ್ತಿದರೆ ಎರಡು ತುಂಡಾಯಿತು. ಆಕೆ ಏನೂ ಅನ್ನಲಿಲ್ಲ. ನನಗೇ ತುಂಬಾ ನೋವಾಯಿತು. ಈಗ ವಾರಕ್ಕೊಮ್ಮೆ ಗಿರಣಿಗೆ ಕಳಿಸುವ ಜೋಳ ಹಸನು ಮಾಡಿದ ಮೇಲೆ ಮೊರದಿಂದ ಮೊದಲು ಏಳು ಹಿಡಿ ತೆಗೆಯುತ್ತೇನೆ. ಮಿಕ್ಕಿದ್ದು ಮನೆಗೆ. ಬೈಬಲಿನಲ್ಲಿ ಅಪೊಸ್ತಲ ಪೌಲನೂ ಕೊರಿಂಥ ಊರಿನ ಸಭೆಯವರಿಗೆ ವಾರದ ಮೊದಲ ದಿನವೇ ಎತ್ತಿಡಿ ಅಂತ ಬರೆದಿದ್ದಾನೆ (1 ಕೊರಿಂಥ 16:2). ಡಬ್ಬಿಯಲ್ಲಿ ಒಣಗಿದ ಬೇವಿನ ಎಲೆ ಹಾಕಿ, ನುಸಿ ಬರುವುದು ಕಡಿಮೆ.

ನನ್ನ ಹಿಡಿ ತೂಗಿ ನೋಡಿದೆ, ಸುಮಾರು 50 ಗ್ರಾಂ. ಹೆಚ್ಚುಕಡಿಮೆ ಒಂದು ರೊಟ್ಟಿ. ತಿಂಗಳಿಗೆ ಒಂದೂವರೆ ಕಿಲೋ ಆಗುತ್ತದೆ. ಹತ್ತು ಮನೆಯವರು ಸೇರಿದರೆ 15 ಕಿಲೋ. ನಮ್ಮದು ನೇಕಾರರ ಊರು, ಮಗ್ಗಕ್ಕೆ ಕೆಲಸವಿಲ್ಲದ ತಿಂಗಳು ಒಂದು ಮನೆಗೆ ಅದು ದೊಡ್ಡ ಆಸರೆ.

ದಶಮಾಂಶ, ಅಂದರೆ ಗಳಿಕೆಯ ಹತ್ತರಲ್ಲೊಂದು ಪಾಲು, ಕೊಡುತ್ತೇವಲ್ಲ, ಇದ್ಯಾಕೆ ಅಂತ ಕೆಲವರು ಕೇಳುತ್ತಾರೆ. ಅದು ಚರ್ಚಿಗೆ, ಇದು ಪಕ್ಕದ ಮನೆಗೆ. ಎರಡೂ ಬೇಕು ಅಂತ ನನ್ನ ನಂಬಿಕೆ. ಕೈ ಕಟ್ಟಿದ ತಿಂಗಳು ಅರ್ಧ ಹಿಡಿ ಹಾಕಿ, ಆದರೆ ಡಬ್ಬಿ ಮುಚ್ಚಿಡಬೇಡಿ. ಬೈಬಲಿನಲ್ಲಿ ಪ್ರವಾದಿ ಎಲೀಯನಿಗೆ ರೊಟ್ಟಿ ಸುಟ್ಟುಕೊಟ್ಟ ವಿಧವೆಯ ಹತ್ತಿರ ಇದ್ದದ್ದೂ ಒಂದೇ ಹಿಡಿ ಹಿಟ್ಟು.

ಕೊಡುವುದರಲ್ಲೇ ನಾವು ಜಾಸ್ತಿ ತಪ್ಪುತ್ತೇವೆ. ಒಮ್ಮೆ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ನಾನೇ ಒಬ್ಬರ ಹೆಸರು ಕೂಗಿ ಚೀಲ ಕೊಟ್ಟೆ. ಆಕೆ ಆಮೇಲೆ ಮೂರು ತಿಂಗಳು ಚರ್ಚಿಗೆ ಬರಲಿಲ್ಲ. ಸಂತೆಯಲ್ಲಿ ಸಿಕ್ಕಾಗ, "ಅಕ್ಕಾರ, ನನ್ನ ಹೆಸರು ಕೂಗಬಾರದಿತ್ರಿ" ಅಂದರು. ಎಡಗೈಗೂ ತಿಳಿಯಬಾರದು ಅಂತ ಯೇಸು ಹೇಳಿದ್ದು ನನಗೆ ಅವತ್ತು ಅರ್ಥವಾಯಿತು.

ಈಗ ಹೊತ್ತು ಮುಳುಗಿದ ಮೇಲೆ ಒಬ್ಬಳೇ ಹೋಗುತ್ತೇನೆ. ಪಾತ್ರೆಯಲ್ಲಿ ಒಯ್ಯುವುದಿಲ್ಲ. ನಮ್ಮಲ್ಲಿ ಪಾತ್ರೆ ಖಾಲಿ ವಾಪಸ್ ಕೊಡುವುದಿಲ್ಲ ಅಲ್ವಾ, ಪಾಪ, ಅದಕ್ಕೆ ಅವರು ಏನಾದರೂ ಹುಡುಕಬೇಕಾಗುತ್ತದೆ. ಬಟ್ಟೆ ಚೀಲ ಒಳ್ಳೆಯದು. ಕೊಟ್ಟ ತಕ್ಷಣ ಎದ್ದು ಬರಬೇಡಿ. ಸ್ವಲ್ಪ ಕೂಡಿ, ಚಹಾ ಕೊಟ್ಟರೆ ಕುಡಿಯಿರಿ, ಮಕ್ಕಳ ಸಾಲಿ ಬಗ್ಗೆ ಮಾತಾಡಿ.

ಯಾವ ಜಾತಿ, ಯಾವ ಧರ್ಮ ಅಂತ ನೋಡಬೇಡಿ. ಚರ್ಚಿಗೆ ಬನ್ನಿ ಅಂತ ಚೀಲದ ಜೊತೆ ಹೇಳಲೇಬೇಡಿ. ಯೇಸು ಹೇಳಿದ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡವನನ್ನು ಎತ್ತಿಕೊಂಡ ಸಮಾರ್ಯದವನು ಅವನಿಗೆ ಏನೂ ಕೇಳಲಿಲ್ಲ. ಕೂಡಲಸಂಗಮದ ಪಕ್ಕದಲ್ಲಿ ಬದುಕುವ ನಮಗೆ ದಾಸೋಹ ಹೊಸದೇನಲ್ಲ. ಅಲ್ಲಿ ಊಟಕ್ಕೆ ಕೂತವರನ್ನು ನೀವು ಯಾರು ಅಂತ ಕೇಳುತ್ತಾರೇನು?

ಅವರು ತಾವಾಗಿ ಏನಾದರೂ ಕೊಟ್ಟರೆ ಬೇಡ ಅನ್ನಬೇಡಿ. ಹೋದ ಚಳಿಗಾಲ ಒಬ್ಬ ಅಜ್ಜಿ ಚೀಲ ತೊಳೆದು, ಮಡಚಿ, ನಾಲ್ಕು ಮುಳಗಾಯಿ (ಬದನೆಕಾಯಿ) ಹಾಕಿ ತಂದರು. ನಾನು ಸುಮ್ನೆ ಎರಡು ಸಾಕವ್ವ ಅಂದೆ. ಅವರ ಮುಖ ಸಣ್ಣದಾಯಿತು. ನಾಲ್ಕೂ ತಗೊಂಡೆ. ಅವತ್ತೇ ಎಣ್ಣೆಗಾಯಿ ಮಾಡಿ, ಅವರನ್ನೂ ಊಟಕ್ಕೆ ಕೂರಿಸಿಕೊಂಡೆ.