'ಸ್ಪಾಟ್ ಆನ್' ಅಂದಿದ್ದಕ್ಕೆ ಕಲೆ ಹುಡುಕಿದೆ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ಕೆಲಸಕ್ಕೆ ಸೇರಿದ ಹೊಸತು. ಇಂಗ್ಲೆಂಡಿನ ಗ್ರಾಹಕರಿಗೆ ನಮ್ಮ ಮೊದಲ ಸ್ಯಾಂಪಲ್ ಪಿನ್ನುಗಳು, ಅಂದರೆ ಯಂತ್ರಕ್ಕೆ ಹಾಕುವ ದುಂಡನೆಯ ಲೋಹದ ಕಡ್ಡಿಗಳು, ಹೋಗಿದ್ದವು. ಹತ್ತು ದಿನ ಬಿಟ್ಟು ಮೇಲ್ ಬಂತು. ಒಂದೇ ಸಾಲು: 'ಸೈಜಸ್ ಆರ್ ಸ್ಪಾಟ್ ಆನ್.'

ನನ್ನ ಎದೆ ಧಸಕ್ ಅಂತು. ಇನ್‌ಸ್ಪೆಕ್ಷನ್‌ನವನಿಗೆ ಸ್ಪಾಟ್ ಅಂದರೆ ಕಲೆ, ತುಕ್ಕಿನ ಚುಕ್ಕೆ. ಊರಿನಲ್ಲಿ ಕೇಳಿದ್ದ ಇನ್ನೊಂದು ಸ್ಪಾಟ್ ಅಂದರೆ ಸ್ಪಾಟ್ ಡೆತ್. ಎರಡೂ ಒಳ್ಳೆಯ ಸುದ್ದಿಯಲ್ಲ. ನಮ್ಮಲ್ಲೇ ಇಟ್ಟುಕೊಂಡಿದ್ದ ಆರು ಪಿನ್ನುಗಳನ್ನು ತೆಗೆದು, ಎಣ್ಣೆ ಒರೆಸಿ, ಟ್ಯೂಬ್‌ಲೈಟ್ ಕೆಳಗೆ ಲೆನ್ಸ್ ಹಿಡಿದು ಅರ್ಧ ಗಂಟೆ ಕಲೆ ಹುಡುಕಿದೆ. ಒಂದೂ ಸಿಗಲಿಲ್ಲ. ಆಮೇಲೆ ಸೀನಿಯರ್ ಬಂದು ಮೇಲ್ ಓದಿದರು. 'ಅಯ್ಯೋ, ಹೊಗಳಿದ್ದಾರೆ ಕಣಯ್ಯಾ' ಅಂದರು.

ಹಾಸನ ಜಿಲ್ಲೆಯ ಕನ್ನಡ ಮೀಡಿಯಂ ಹುಡುಗ ನಾನು. ಡಿಪ್ಲೊಮಾ ಮುಗಿಸಿದ್ದೆ. ಗ್ರಾಮರ್ ಪುಸ್ತಕದ ಇಂಗ್ಲಿಷ್ ಬರುತ್ತಿತ್ತು. ಅದರಲ್ಲಿ 'ಸರಿ' ಅನ್ನುವುದಕ್ಕೆ ಕರೆಕ್ಟ್ ಒಂದೇ ಪದ. ಮೇಲ್‌ಗಳಲ್ಲಿ ನೋಡಿದರೆ ಸ್ಪಾಟ್ ಆನ್, ಬ್ಯಾಂಗ್ ಆನ್, ಡೆಡ್ ಆನ್, ಆನ್ ದ ಮನಿ, ನೇಲ್ಡ್ ಇಟ್. ಎಲ್ಲವೂ 'ಗುರಿಗೆ ಸರಿಯಾಗಿ ಬಿತ್ತು' ಅನ್ನುವ ಸಂಭ್ರಮವೇ. ಡಿಕ್ಷನರಿಯಲ್ಲಿ ಎಲ್ಲದಕ್ಕೂ ಒಂದೇ ಅರ್ಥ. ಹಾಗಾದರೆ ಎಲ್ಲಿ ಬೇಕಾದರೂ ಯಾವುದನ್ನಾದರೂ ಹಾಕಬಹುದು ಅಂದುಕೊಂಡೆ. ಎಡವಿದ್ದು ಅಲ್ಲೇ.

ಆ ಗ್ರಾಹಕರ ಕಡೆ ಒಬ್ಬ ಹಿರಿಯ ಎಂಜಿನಿಯರ್ ಇದ್ದರು. ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಮ್ಮಿ ಆದರೆ ನಡೆಯುತ್ತದೆ ಅನ್ನುವ ವಿಷಯದಲ್ಲಿ ಅವರ ಮಾತು ಯಾವತ್ತೂ ಸುಳ್ಳಾಗುತ್ತಿರಲಿಲ್ಲ. ಅವರನ್ನು ಹೊಗಳೋಣ ಅಂತ ಬರೆದೆ: 'ಯೂ ಆಲ್ವೇಸ್ ಬ್ಯಾಂಗ್ ಆನ್ ಅಬೌಟ್ ಟಾಲರೆನ್ಸ್.' ನೀವು ಹೇಳಿದ್ದು ಯಾವಾಗಲೂ ಕರಾರುವಾಕ್ಕು ಅನ್ನುವುದು ನನ್ನ ಲೆಕ್ಕ. ಆದರೆ ಬ್ರಿಟಿಷರ ಬಾಯಲ್ಲಿ 'ಯೂ ಆರ್ ಬ್ಯಾಂಗ್ ಆನ್' ಅಂದರೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. 'ಯೂ ಬ್ಯಾಂಗ್ ಆನ್ ಅಬೌಟ್' ಅಂದರೆ ಅದನ್ನೇ ಕೊರೆಯುತ್ತೀರಿ, ಸಾಕು ಮಾಡಿ. 'ಆರ್' ಒಂದು ಬಿಟ್ಟಿದ್ದಕ್ಕೆ ಹೊಗಳಿಕೆ ಹೋಗಿ ಬೈಗುಳ ಆಗಿತ್ತು. ಮಾರನೇ ದಿನ ಉತ್ತರ ಬಂತು: 'ಐ ಸಪೋಸ್ ಐ ಡೂ.' ಹೌದೇನೋ, ಕೊರೆಯುತ್ತೇನೆ! ಅವರು ನಕ್ಕಿದ್ದರೋ ನೊಂದಿದ್ದರೋ ಆಗ ತಿಳಿಯಲಿಲ್ಲ.

ಅವತ್ತು ಸಂಜೆಯೇ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದೆ. ಎ ಬಿ ಸಿ ಡಿ ಪ್ರಕಾರ ಬರೆಯಲಿಲ್ಲ. ಪ್ರತಿ ಪದದ ಪಕ್ಕ ಎರಡೇ ಪ್ರಶ್ನೆ: ಇಲ್ಲಿ ಏಟು ಯಾವುದಕ್ಕೆ ಬಿತ್ತು? ಹೇಳಿದವರು ಎಲ್ಲಿಯವರು? ಬೇರೆ ಬೇರೆ ಮೂರು ಜನರಿಂದ ಕೇಳುವ ತನಕ ಆ ಪದವನ್ನು ನಾನು ಬಳಸುವ ಹಾಗಿಲ್ಲ. ಇದು ನನಗೆ ನಾನೇ ಹಾಕಿಕೊಂಡ ಕಟ್ಟಳೆ.

ಮೊದಲ ಪ್ರಶ್ನೆಯಿಂದಲೇ ಬಹಳಷ್ಟು ಬಿಡಿಸಿಕೊಂಡಿತು. 'ಹಿಟ್ ದ ನೇಲ್ ಆನ್ ದ ಹೆಡ್' ಅಂದರೆ ಏಟು ಮೊಳೆಯ ನೆತ್ತಿಗೇ ಬಿದ್ದಿದೆ. ಇದನ್ನು ಹೇಳುವುದು ಮಾತಿಗೆ. ಮೀಟಿಂಗ್‌ನಲ್ಲಿ ಎಲ್ಲರೂ ಸುತ್ತಿ ಬಳಸಿ ಮಾತಾಡುವಾಗ ಒಬ್ಬ ನಿಜವಾದ ತೊಂದರೆ ಇದು ಅಂತ ಹೇಳಿಬಿಡುತ್ತಾನಲ್ಲ, ಅವನಿಗೆ. ಪಿನ್ನಿನ ಅಳತೆ ಸರಿ ಬಂದರೆ ಹೀಗೆ ಹೇಳುವುದಿಲ್ಲ. ನೇಲ್ಡ್ ಇಟ್ ಕೂಡ ಮೊಳೆಯದೇ, ಆದರೆ ಅದು ಕೆಲಸಕ್ಕೆ. ಇಂಟರ್‌ವ್ಯೂ, ಡ್ಯಾನ್ಸು, ಪ್ರೆಸೆಂಟೇಶನ್, ಮಾಡಿ ಗೆದ್ದರೆ ನೇಲ್ಡ್ ಇಟ್. 'ಆನ್ ದ ಡಾಟ್' ಗಡಿಯಾರಕ್ಕೆ. ಇಲ್ಲಿ ನಾವು 'ಹತ್ತಕ್ಕೆ ಶಾರ್ಪ್' ಅಂದು ಹತ್ತೂವರೆಗೆ ಹೋಗುತ್ತೇವೆ, ಅದು ಬೇರೆ ಮಾತು. 'ಟು ಎ ಟೀ' ಒಪ್ಪುವುದಕ್ಕೆ, ಹೊಂದುವುದಕ್ಕೆ. ನಾವು ಹೇಳಿ ಮಾಡಿಸಿದ ಹಾಗಿದೆ ಅನ್ನುತ್ತೇವಲ್ವಾ, ಅದು.

ಎರಡನೇ ಪ್ರಶ್ನೆ ನನ್ನನ್ನು ಇನ್ನೊಂದು ಸಲ ಉಳಿಸಬೇಕಿತ್ತು, ಉಳಿಸಲಿಲ್ಲ. 'ಆನ್ ದ ನೋಸ್' ಅನ್ನುವುದನ್ನು ಅಮೆರಿಕದವರಿಂದ ಮೂರು ಸಲ ಕೇಳಿದ್ದೆ. ಕರೆಕ್ಟಾಗಿ ಅಷ್ಟೇ ಅಂತ ಅರ್ಥ. ಕುದುರೆ ಜೂಜಿನಲ್ಲೂ ಇದೆ: ಈ ಕುದುರೆ ಮೊದಲನೆಯದಾಗಿಯೇ ಬರುತ್ತದೆ ಅಂತ ದುಡ್ಡು ಕಟ್ಟಿದರೆ ಅದು ಆನ್ ದ ನೋಸ್. ಧೈರ್ಯ ಬಂದು ಆಸ್ಟ್ರೇಲಿಯಾದ ಒಬ್ಬರಿಗೆ ನಿಮ್ಮ ಕೊಟೇಶನ್ ಆನ್ ದ ನೋಸ್ ಅಂತ ಬರೆದೆ. ಅಲ್ಲಿ ಅದರ ಅರ್ಥ ಗಬ್ಬು ನಾರುತ್ತಿದೆ! ಪುಣ್ಯಕ್ಕೆ ಅವರು ಫೋನ್ ಮಾಡಿ ನಗುತ್ತಾ ವಿಚಾರಿಸಿದರು. ಮುಂದೆ ತಿಳಿದಿದ್ದು, ಸಿನಿಮಾ ಸ್ಕ್ರಿಪ್ಟ್ ಬರೆಯುವವರಿಗೂ ಇದು ಬೈಗುಳವೇ. ಪಾತ್ರ ತನ್ನ ಮನಸ್ಸಿನಲ್ಲಿರುವುದನ್ನು ಹಾಗೇ ಒದರಿಬಿಟ್ಟರೆ ಆ ಡೈಲಾಗ್ ಆನ್ ದ ನೋಸ್. ಮೂರು ಜನ ಅನ್ನುವ ಕಟ್ಟಳೆಗೆ 'ಮೂರು ದೇಶದವರು' ಅಂತ ತಿದ್ದುಪಡಿ ಆಯಿತು.

ನನ್ನ ನಿಜವಾದ ಪಾಠ ಆಗಿದ್ದು ಅಕ್ಯುರೇಟ್ ಮತ್ತು ಪ್ರಿಸೈಸ್ ನಡುವೆ. ಇವೆರಡನ್ನು ಬೇರೆ ಮಾಡಿ ತೋರಿಸಿದ್ದು ಡಿಕ್ಷನರಿಯಲ್ಲ, ಒಂದು ಮೈಕ್ರೋಮೀಟರ್. ತೀರಾ ಸಣ್ಣ ವ್ಯತ್ಯಾಸವನ್ನೂ ಅಳೆಯುವ ಉಪಕರಣ ಅದು.

30 ಮಿ.ಮೀ. ಪಿನ್ನು, ಎಚ್6 ಫಿಟ್. ಅಂದರೆ ವ್ಯಾಸ 29.987ರಿಂದ 30.000 ಮಿ.ಮೀ. ಒಳಗೆ ಬರಬೇಕು. ಹದಿಮೂರು ಮೈಕ್ರಾನ್ ಜಾಗ ಅಷ್ಟೇ; ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಾನು ಡಿಜಿಟಲ್ ಮೈಕ್ರೋಮೀಟರ್ ಹಿಡಿದೆ. 29.984. ಮತ್ತೆ ಹಿಡಿದೆ. 29.984. ಐದು ಸಲ ಹಿಡಿದರೂ ಅದೇ. ಇಷ್ಟು ಸಲ ಒಂದೇ ಹೇಳಿದ ಮೇಲೆ ಸುಳ್ಳು ಹೇಳುತ್ತದೆಯೇ? ರಿಜೆಕ್ಟ್ ಅಂತ ಇಡೀ ಟ್ರೇಗೆ ಕೆಂಪು ಚೀಟಿ ಅಂಟಿಸಿದೆ.

ಸೀನಿಯರ್ ಏನೂ ಮಾತಾಡಲಿಲ್ಲ. ಪೆಟ್ಟಿಗೆಯಿಂದ 30 ಮಿ.ಮೀ. ಸ್ಲಿಪ್ ಗೇಜ್, ಅಂದರೆ ಅಳತೆ ಪರೀಕ್ಷಿಸಲು ಇಟ್ಟಿರುವ ಕರಾರುವಾಕ್ಕಾದ ತುಂಡು, ತೆಗೆದು, ಒರೆಸಿ, ಕೈಗೆ ಕೊಟ್ಟರು. ಅಳೆದೆ. 29.990 ತೋರಿಸಿತು. ಮೂವತ್ತಕ್ಕೆ ಮೂವತ್ತೇ ಇರುವ ಗೇಜನ್ನೂ ಹತ್ತು ಮೈಕ್ರಾನ್ ಕಡಿಮೆ ತೋರಿಸುತ್ತಿದೆ ಅಂದಮೇಲೆ ನನ್ನ ಪಿನ್ನು ನಿಜಕ್ಕೂ 29.994. ಚಿನ್ನದಂಥ ಪಿನ್ನು! ಬೆಳಗ್ಗೆ ಸೆಟ್ಟಿಂಗ್ ರಾಡ್, ಅಂದರೆ ಉದ್ದ ಗೊತ್ತಿರುವ ಕಡ್ಡಿ, ಇಟ್ಟು ಮೈಕ್ರೋಮೀಟರ್ ಸೆಟ್ ಮಾಡುವಾಗ ಅದರ ತುದಿಯಲ್ಲಿ ಒಣಗಿದ ಕೂಲಂಟ್ (ಮೆಷಿನ್ ಕೆಲಸದಲ್ಲಿ ತಂಪಿಗೆ ಬಿಡುವ ದ್ರವ) ಪದರ ಕೂತಿತ್ತು. ಆ ಪದರದ ದಪ್ಪದಷ್ಟು ಎಲ್ಲ ಅಳತೆಯೂ ಕಡಿಮೆ ಬಂತು. ಒರೆಸದೆ ಬಟನ್ ಒತ್ತಿದ್ದು ನಾನೇ.

'ನಿನ್ನ ಮೈಕ್ರೋಮೀಟರ್ ಪ್ರಿಸೈಸ್, ಅಕ್ಯುರೇಟ್ ಅಲ್ಲ' ಅಂದರು. ರಟ್ಟಿನ ಮೇಲೆ ಗುರಿಹಲಗೆ ಬರೆದು, ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಐದು ಚುಕ್ಕೆ ಇಟ್ಟರು. ಎಲ್ಲ ಒಂದೇ ಕಡೆ ಬಿದ್ದಿವೆ, ಆದರೆ ನಡುವಿಗೆ ಒಂದೂ ಇಲ್ಲ. ಅಳತೆಯ ಲೋಕದಲ್ಲಿ ಇದಕ್ಕೆ ಕಟ್ಟುನಿಟ್ಟಿನ ಅರ್ಥವೇ ಇದೆ. ಐಎಸ್ಒ 5725 ಅನ್ನುವ ಸ್ಟ್ಯಾಂಡರ್ಡ್ ಪ್ರಕಾರ ಹಲವು ಅಳತೆಗಳ ಸರಾಸರಿ ನಿಜಕ್ಕೆ ಎಷ್ಟು ಹತ್ತಿರ ಅನ್ನುವುದು ಟ್ರೂನೆಸ್, ಮತ್ತೆ ಮತ್ತೆ ಅಳೆದರೆ ಒಂದಕ್ಕೊಂದು ಎಷ್ಟು ಹತ್ತಿರ ಅನ್ನುವುದು ಪ್ರಿಸಿಷನ್. ಎರಡೂ ಇದ್ದರೆ ಅಕ್ಯುರೇಟ್.

ಆಮೇಲೆ ಈ ಪದಗಳ ಹುಟ್ಟು ಹುಡುಕಿದೆ. ಅಕ್ಯುರೇಟ್ ಒಳಗೆ ಲ್ಯಾಟಿನ್ನಿನ 'ಕೂರಾ' ಇದೆ. ಅಂದರೆ ಕಾಳಜಿ. ಜೋಪಾನವಾಗಿ ಮಾಡಿದ್ದು ಅಕ್ಯುರೇಟ್. ರಾಡ್ ಒರೆಸದವನಿಗೆ ಇದಕ್ಕಿಂತ ಬೇರೆ ಕಪಾಳಮೋಕ್ಷ ಬೇಕೇ? ಪ್ರಿಸೈಸ್ ಬಂದಿದ್ದು ಕತ್ತರಿಸು ಅನ್ನುವ ಲ್ಯಾಟಿನ್ ಪದದಿಂದ. ಇದನ್ನು ಓದಿ ನನಗೆ ಅಜ್ಜಿ ನೆನಪಾದರು. ಯಾರಾದರೂ ನೇರವಾಗಿ, ಅಳೆದು ಹೇಳಿದರೆ 'ಕಡ್ಡಿ ತುಂಡು ಮಾಡಿದ ಹಾಗೆ ಹೇಳ್ದ' ಅನ್ನುತ್ತಿದ್ದರು. ಲ್ಯಾಟಿನ್ನೂ ಕಡ್ಡಿಯನ್ನೇ ಮುರಿದಿದೆ.

ಬುಲ್ಸ್ ಐ, ಅಂದರೆ ಗುರಿಹಲಗೆಯ ನಟ್ಟನಡುವಿನ ಚುಕ್ಕೆ, ಅದರ ಬಗ್ಗೆ ಹೇಳದೇ ಇರುವ ಹಾಗಿಲ್ಲ. ಬಿಲ್ಲುಗಾರಿಕೆಯಲ್ಲಿ, ಒಲಿಂಪಿಕ್ಸ್‌ನ 70 ಮೀಟರ್ ದೂರದ ಗುರಿಹಲಗೆ 122 ಸೆಂ.ಮೀ. ಅಗಲ. ನಡುವಿನ ಹತ್ತು ಅಂಕದ ವೃತ್ತ 12.2 ಸೆಂ.ಮೀ. ಹತ್ತು ಮೀಟರ್ ಏರ್ ರೈಫಲ್‌ನಲ್ಲಂತೂ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದರಲ್ಲೇ. ಡಾರ್ಟ್ಸ್‌ನಲ್ಲಿ ಒಂದು ತಮಾಷೆ ಇದೆ: ಬುಲ್ಸ್ ಐಗೆ 50 ಅಂಕ, ಟ್ರೆಬಲ್ ಇಪ್ಪತ್ತಕ್ಕೆ, ಅಂದರೆ ಇಪ್ಪತ್ತರ ಮೂರು ಪಟ್ಟು ಕೊಡುವ ಪಟ್ಟಿಗೆ, 60. ನಡುವಿಗೆ ಹೊಡೆದವನಿಗಿಂತ ಮೇಲೆ ಹೊಡೆದವನಿಗೇ ಜಾಸ್ತಿ.

ನಮ್ಮ ಕ್ಯಾಂಟೀನ್‌ನಲ್ಲಿ ಬುಲ್ಸ್ ಐ ಅಂದರೆ ಮೊಟ್ಟೆ. ಹಳದಿ ಒಡೆಯದೆ ಹುರಿದದ್ದು. ನಾನು ಬೈದು ಬರೆದ ಆ ಎಂಜಿನಿಯರ್ ಎರಡು ವರ್ಷದ ನಂತರ ಪೀಣ್ಯಕ್ಕೆ ಬಂದರು. ಸಪ್ಲೈಯರ್ 'ಎರಡು ಬುಲ್ಸ್ ಐ' ಅಂತ ಅಡುಗೆಮನೆಗೆ ಕೂಗಿದ. ಅವರು ಬೆಚ್ಚಿ ಗೋಡೆ ಕಡೆ ತಿರುಗಿ ಡಾರ್ಟ್ ಬೋರ್ಡ್ ಹುಡುಕಿದರು. ಆ ಮೇಲ್ ಬಗ್ಗೆ ನಾನು ಕ್ಷಮೆ ಕೇಳಿದೆ. ಮನೆಯಲ್ಲಿ ಹೆಂಡತಿಗೆ ತೋರಿಸಿದರಂತೆ. 'ಈ ಹುಡುಗ ಸ್ಪಾಟ್ ಆನ್' ಅಂದರಂತೆ ಆಕೆ.

ಸ್ಪಾಟ್ ಆನ್‌ಗೆ ಕನ್ನಡದಲ್ಲಿ ಏನನ್ನುತ್ತೀರಿ ಅಂತ ಅವರು ಕೇಳಿದರು. ನಾನು ಕರಾರುವಾಕ್ಕು ಅಂದೆ. ಅವರ ನಾಲಿಗೆ ಹೊರಳಲಿಲ್ಲ. ಅಷ್ಟರಲ್ಲಿ ಪಕ್ಕದ ಲೇತ್ ಆಪರೇಟರ್, ಯಾವುದೋ ಮಾತಿಗೆ ತಲೆಯಾಡಿಸುತ್ತಾ 'ಅದೇ ಅದೇ' ಅಂದ. 'ಅದು ಏನು?' ಅಂತ ಕೇಳಿದರು. ಯೋಚಿಸಿ ನೋಡಿದೆ. ಎದುರಿನವರು ನಮ್ಮ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದಾಗ ನಾವು ಅನ್ನುವುದು ಅದನ್ನೇ ತಾನೇ. ಬರೆದುಕೊಟ್ಟೆ.

ಮುಂದಿನ ಲಾಟ್ ತಲುಪಿದ ಮೇಲೆ ಅವರ ಮೇಲ್ ಬಂತು. 'ಸೈಜಸ್: ಅದೇ ಅದೇ.'